ಅರ್ಧ ಬಿಂದಿಗೆ ನೀರು

ನಾನು ಪುಣೆಯ ವಾಕಡ್‌ನಲ್ಲಿ ಇರೋನು. ಊರು ತಿಪಟೂರು ಪಕ್ಕ. ಹದಿನೇಳು ವರ್ಷದಿಂದ ಇಲ್ಲಿ ಸಾಫ್ಟ್‌ವೇರ್ ಕೆಲಸ, ಈಗ ರಿಲೀಸ್ ಮ್ಯಾನೇಜರ್. ಮೊದಲೇ ಹೇಳಿಬಿಡ್ತೀನಿ, ನಾನು ಕಲಾವಿದ ಅಲ್ಲ. ಶಾಲೇಲಿ ಡ್ರಾಯಿಂಗ್ ಮೇಷ್ಟ್ರು ನನ್ನ ಹಸುವಿನ ಚಿತ್ರ ನೋಡಿ "ಇದು ಕುರ್ಚಿನಾ?" ಅಂತ ಕೇಳಿದ್ರು. ಹಾಗಿದ್ದೂ ಈ ಚಾನೆಲ್‌ನವರು ನನ್ನನ್ನ ಕರೆದದ್ದು, ನಮ್ಮ ಸೊಸೈಟಿಯ ರಾಜ್ಯೋತ್ಸವಕ್ಕೆ ನಾವು ಮನೆಮಂದಿ ಸೇರಿ ಮಾಡಿದ ಒಂದು ಮರದ ಹುಡುಗಿಯ ಬಗ್ಗೆ ಮಾತಾಡೋಕೆ. ಅವರು ಅದನ್ನ 'ಇನ್‌ಸ್ಟಲೇಶನ್ ಆರ್ಟ್' ಅಂದರು. ನಮಗೆ ಇನ್‌ಸ್ಟಲೇಶನ್ ಅಂದ್ರೆ ನೆಕ್ಸ್ಟ್, ನೆಕ್ಸ್ಟ್, ಫಿನಿಶ್. (ನಗು)

ಆದರೆ ಪುಣೆಯಲ್ಲಿರೋರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ. ಗಣಪತಿ ಹಬ್ಬದಲ್ಲಿ ಇಲ್ಲಿನ ಮಂಡಳಗಳು ಮಾಡೋ 'ದೇಖಾವಾ' ನೋಡಿದ್ದೀರಲ್ಲ? ಒಂದು ಕಥೇನ ಜಾಗವಾಗಿ ಕಟ್ಟಿ ನಿಲ್ಲಿಸ್ತಾರೆ. ನೀವು ಅದರೊಳಗೆ ನಡೆದು ಹೋಗ್ತೀರಿ. ಎದುರಿಗಿಟ್ಟು ನೋಡಿದರೆ ಶಿಲ್ಪ, ಒಳಗೆ ಹೊಕ್ಕು ನೋಡಿದರೆ ಇನ್‌ಸ್ಟಲೇಶನ್. ಪಂಡಿತರು ಇನ್ನೂ ಸೂಕ್ಷ್ಮವಾಗಿ ಹೇಳಬಹುದು, ನನಗೆ ಇಷ್ಟು ಸಾಕು. ನಮ್ಮ ಮೈಸೂರು ಕಡೆಯ ದಸರಾ ಗೊಂಬೆ ಕೂರಿಸೋದೂ ಇದರ ತಂಗಿಯೇ.

ಈಗ ಕಥೆಗೆ ಬರ್ತೀನಿ. ಎರಡು ಕಥೆ ಇದೆ, ಒಂದು ಮನೇದು, ಒಂದು ಅಜ್ಜಿ ಕಥೆ. ಮನೇದನ್ನ ಮೊದಲು ಹೇಳ್ತೀನಿ.

ಅಮ್ಮ ಊರಲ್ಲಿ ಒಬ್ಬರೇ ಇದ್ದರು. ತೆಂಗಿನ ತೋಟ, ಹಳೇ ಮನೆ. ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಒಲೆ ಮುಂದೆ ಕುಸಿದು ಬಿದ್ದರು. ಸ್ಟ್ರೋಕ್. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಮಾತು ಇತ್ತು, ಆದರೆ ನಾಲಿಗೆ ದಪ್ಪ ಆದ ಹಾಗೆ ತಡೆತಡೆದು ಬರ್ತಿತ್ತು. ಆಸ್ಪತ್ರೆ ಮುಗಿದ ಮೇಲೆ ಪುಣೆಗೆ ಕರ್ಕೊಂಡು ಬಂದೆ.

ಡಾಕ್ಟರಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಪರ್ಸೆಂಟ್ ರಿಕವರಿ ಆಗುತ್ತೆ, ಯಾವಾಗ?" ನೀವೂ ಅದನ್ನೇ ಕೇಳ್ತಿದ್ರಿ, ನಗಬೇಡಿ. ಮೊದಲ ಕೆಲವು ತಿಂಗಳು ಬೇಗ ಸುಧಾರಿಸುತ್ತೆ, ಆಮೇಲೆ ನಿಧಾನ, ಒಬ್ಬೊಬ್ಬರಿಗೆ ಒಂದೊಂದು ಥರ, ಅಂದರು ಅವರು. ನಾನು ಮನೆಗೆ ಬಂದು ಒಂದು ಎಕ್ಸೆಲ್ ಶೀಟ್ ಮಾಡಿದೆ. ಬೆರಳು ಎಷ್ಟು ಮಡಚಿದರು, ಎಷ್ಟು ಹೆಜ್ಜೆ ಇಟ್ಟರು, ದಿನಾಂಕದ ಸಮೇತ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ. ಅಮ್ಮ ಒಂದು ದಿನ ಅದನ್ನ ನೋಡಿ, "ಪಟ್ಟಿ ಬರ್ಕೊಂಡು ಕೂತಿದೀಯಲ್ಲೋ ಮಗ, ನಾನೇನು ಮಂಡಿ ಲೆಕ್ಕವಾ?" ಅಂದರು.

ಇದಕ್ಕಿಂತ ಕೆಟ್ಟದ್ದೊಂದು ಮಾಡಿದೆ. ಅದನ್ನ ಹೇಳೋಕೇ ಈ ಮಾತಿಗೆ ಒಪ್ಪಿಕೊಂಡೆ ಅನ್ನಿಸುತ್ತೆ. ಊರಿಂದ ವೀಡಿಯೊ ಕಾಲ್ ಬಂದ್ರೆ ನಾನು ಕ್ಯಾಮೆರಾ ಆಫ್ ಮಾಡಿ ಕೊಡ್ತಿದ್ದೆ. ನೆಟ್‌ವರ್ಕ್ ಇಲ್ಲ ಅಂತಿದ್ದೆ. ಫ್ಯಾಮಿಲಿ ಗ್ರೂಪಲ್ಲಿ ಅಮ್ಮನ ಫೋಟೊ ಕೇಳಿದ್ರೆ ಎರಡು ವರ್ಷದ ಹಿಂದಿನ ಫೋಟೊ ಹಾಕ್ತಿದ್ದೆ. ಕೆಳಗೆ ಗಾರ್ಡನ್‌ಗೆ ಕರ್ಕೊಂಡು ಹೋಗು ಅಂದ್ರೆ "ಸ್ವಲ್ಪ ಸರಿಹೋಗಲಿ ಅಮ್ಮ, ಆಮೇಲೆ" ಅಂತಿದ್ದೆ. ನಾಚಿಕೆ ಅಂತ ನಾನು ಆಗ ಒಪ್ಪಿಕೊಳ್ತಿರಲಿಲ್ಲ. ಅಮ್ಮನ ಮರ್ಯಾದೆ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ. ಒಂಬತ್ತು ತಿಂಗಳು ಹನ್ನೊಂದನೇ ಮಹಡಿಯ ಒಂದು ರೂಮಲ್ಲಿ ಅವರನ್ನ ಇಟ್ಟುಬಿಟ್ಟೆ. ಎಲ್ಲ ಸೌಕರ್ಯ ಇತ್ತು. ಎಸಿ ಇತ್ತು.

ಇನ್ನು ಅಜ್ಜಿ ಕಥೆ. ನನ್ನ ಮಗಳಿಗೆ ಹನ್ನೊಂದು ವರ್ಷ. ರಾತ್ರಿ ಅಜ್ಜಿ ಪಕ್ಕ ಮಲಗೋದು ಅವಳು. ಅಮ್ಮ ಅವಳಿಗೆ ಹೇಳ್ತಿದ್ದದ್ದು, ಚಿಕ್ಕಂದಿನಲ್ಲಿ ನನಗೂ ಹೇಳಿದ್ದ ಹೂವಿನ ಗಿಡ ಆಗೋ ಹುಡುಗಿಯ ಕಥೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಎ.ಕೆ. ರಾಮಾನುಜನ್ ಇದನ್ನ ಕರ್ನಾಟಕದಲ್ಲಿ ಬೇರೆ ಬೇರೆಯವರ ಬಾಯಿಂದ ಕೇಳಿ ಸಂಗ್ರಹಿಸಿದ್ರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಇಂಗ್ಲಿಷ್ ಪುಸ್ತಕಕ್ಕೆ ಈ ಕಥೆಯ ಹೆಸರೇ ಇದೆ. ಅದಕ್ಕೂ ಮೊದಲೇ, 1992ರಲ್ಲಿ, ಗಿರೀಶ್ ಕಾರ್ನಾಡರು ಇದನ್ನ 'ಚೆಲುವಿ' ಅಂತ ಹಿಂದಿಯಲ್ಲಿ ಸಿನಿಮಾ ಮಾಡಿದ್ರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನ ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದ್ರು. ನಮ್ಮ ಜಗಲಿ ಮೇಲಿನ ಕಥೆ ಅಲ್ಲಿವರೆಗೆ ಹೋಗಿದೆ.

ಕಥೆ ಹೀಗಿದೆ. ಬಡ ತಾಯಿ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಒಂದು ವಿದ್ಯೆ ಗೊತ್ತು. ಒಂದು ಬಿಂದಿಗೆ ನೀರು ಸುರಿದರೆ ಹೂಬಿಟ್ಟ ಗಿಡ ಆಗ್ತಾಳೆ. ಎಲೆ ಹರಿಯದೆ, ಚಿಗುರು ಮುರಿಯದೆ ಹೂ ಕೊಯ್ದು, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಮನೆ ನಡೆಯುತ್ತೆ. ರಾಜಕುಮಾರ ಮದುವೆ ಆಗ್ತಾನೆ. ನಾದಿನಿ ಗೆಳತಿಯರ ಜೊತೆ ತೋಟಕ್ಕೆ ಕರ್ಕೊಂಡು ಹೋಗಿ, ಗಿಡ ಆಗು ಅಂತ ಬಲವಂತ ಮಾಡ್ತಾಳೆ. ಹುಡುಗಿಯರು ಹೂವಿಗೆ ಬಿದ್ದು ಕೊಂಬೆ ಮುರೀತಾರೆ. ಮಳೆ ಬರುತ್ತೆ, ಅವಸರದಲ್ಲಿ ಅರ್ಧ ನೀರು ಚೆಲ್ಲಿ ಓಡಿಹೋಗ್ತಾರೆ. ಅವಳು ಪೂರ್ತಿ ಹೆಣ್ಣೂ ಆಗಲಿಲ್ಲ, ಗಿಡವಾಗಿಯೂ ಉಳಿಯಲಿಲ್ಲ. ಕೈಯಿಲ್ಲ, ಕಾಲಿಲ್ಲ, ಮುಖ ಮಾತ್ರ ಇದೆ. ಚರಂಡಿಯಲ್ಲಿ ಬಿದ್ದವಳನ್ನ ಗಾಡಿಯವನೊಬ್ಬ ಎತ್ತಿ ಕೂರಿಸ್ಕೊಂಡು ಹೋಗ್ತಾನೆ. ಕೊನೆಗೆ ಅವಳ ಗಂಡನ ಅಕ್ಕನ ಅರಮನೆ ಸೇರ್ತಾಳೆ, ದೊಡ್ಡ ಬಾಗಿಲ ಹತ್ರ ಅವಳನ್ನ ಇಡ್ತಾರೆ. ಹೆಂಡತಿಯನ್ನ ಹುಡುಕಿ ಭಿಕಾರಿ ಆದ ಗಂಡ ಅಲ್ಲಿಗೇ ಬರ್ತಾನೆ. ಗುರುತು ಸಿಗುತ್ತೆ. ಮತ್ತೆ ನೀರು ಸುರಿದು ಗಿಡ ಮಾಡಿ, ಮುರಿದ ಕೊಂಬೆಗಳನ್ನೆಲ್ಲ ಸರಿಯಾಗಿ ಜೋಡಿಸಿ, ಎರಡನೇ ಬಿಂದಿಗೆ ಸುರಿದ ಮೇಲೆ ಅವಳು ಪೂರ್ತಿ ಆಗ್ತಾಳೆ.

ನನಗೆ ಚಿಕ್ಕಂದಿನಲ್ಲಿ ನೆನಪಿದ್ದದ್ದು ಮೊದಲು ಮತ್ತು ಕೊನೆ. ಗಿಡ ಆಗೋದು, ಸರಿ ಆಗೋದು. ಮಧ್ಯದ್ದನ್ನ ಅಮ್ಮ ಆಗ ಎರಡೇ ಮಾತಲ್ಲಿ ಮುಗಿಸ್ತಿದ್ರು. ಈಗ ಮೊಮ್ಮಗಳಿಗೆ ಹೇಳೋವಾಗ ಮಧ್ಯದ್ದೇ ಉದ್ದ ಆಗಿತ್ತು. ಬಾಗಿಲಲ್ಲಿ ಅವಳಿಗೆ ಊಟ ಯಾರು ತಿನ್ನಿಸಿದ್ರು, ಮೈ ಮೇಲೆ ನೊಣ ಕೂತ್ರೆ ಏನ್ ಮಾಡಿದ್ಲು, ಬರೋರು ಹೋಗೋರು ಯಾವ ಕಡೆ ಮುಖ ತಿರುಗಿಸಿದ್ರು. ಒಂದು ರಾತ್ರಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸ್ಕೊಂಡೆ. ಮಗಳು ಕೇಳಿದ್ಲು, "ಅವಳಿಗೆ ಮಾತು ಬರ್ತಿತ್ತಾ ಅಜ್ಜಿ?" ಅಮ್ಮ ಅಂದ್ರು, "ಕೇಳಿದ್ರೆ ಆಡ್ತಿದ್ಲು. ಯಾರೂ ಕೇಳಲಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಸುಮ್ಮನೆ ಹುಡುಕ್ತಾ ಕೂತೆ. ಇಂಥ ಅರ್ಧಂಬರ್ಧ ಆದ ದೇಹಗಳನ್ನ ಯಾರಾದರೂ ಶಿಲ್ಪ ಮಾಡಿದ್ದಾರಾ? ಮೊದಲು ಸಿಕ್ಕಿದ್ದು ಬರ್ನಿನಿಯ 'ಅಪೊಲೊ ಮತ್ತು ಡಾಫ್ನೆ', ರೋಮ್‌ನಲ್ಲಿರೋದು, 1622ರಿಂದ 1625ರೊಳಗೆ ಮಾಡಿದ್ದು. ಓಡ್ತಿರೋ ಹುಡುಗಿಯ ಬೆರಳ ತುದಿ ಎಲೆ ಆಗ್ತಾ ಇದೆ. ಅಮೃತಶಿಲೆಯಲ್ಲಿ ಅಷ್ಟು ತೆಳು ಎಲೆ ಹೇಗೆ ಕೆತ್ತಿದನೋ. ಅದ್ಭುತ, ಆದರೆ ನನಗೆ ಬೇಕಾದದ್ದು ಅದಲ್ಲ. ಅಲ್ಲಿ ಎಲ್ಲವೂ ಬಹಳ ಚೆಂದ.

ಆಮೇಲೆ ಸಿಕ್ಕಿದ್ದು ಕಿಕಿ ಸ್ಮಿತ್. ಅಮೆರಿಕದ ಶಿಲ್ಪಿ, 1954ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿ, ನ್ಯೂಜೆರ್ಸಿಯಲ್ಲಿ ಬೆಳೆದವರು. ಅಪ್ಪ ಟೋನಿ ಸ್ಮಿತ್ ಕೂಡ ದೊಡ್ಡ ಶಿಲ್ಪಿ. ಅವರದ್ದೆಲ್ಲ ಕೋನ, ಪೆಟ್ಟಿಗೆ, ಜ್ಯಾಮಿತಿ. ಚಿಕ್ಕಂದಿನಲ್ಲಿ ಕಿಕಿ ಮತ್ತು ತಂಗಿಯರು ಅಪ್ಪನಿಗೆ ರಟ್ಟಿನ ಮಾದರಿ ಮಾಡಿಕೊಡ್ತಿದ್ರಂತೆ. ಆದರೆ ಮಗಳು ಹಿಡಿದದ್ದು ದೇಹವನ್ನ. 1985ರಲ್ಲಿ ಅವರು ತುರ್ತು ವೈದ್ಯಕೀಯ ಸಹಾಯಕಿಯ ತರಬೇತಿ ತಗೊಂಡರು, ಆಂಬುಲೆನ್ಸ್‌ನಲ್ಲಿ ಬರ್ತಾರಲ್ಲ ಆ ಥರದ್ದು, ದೇಹ ಹೇಗಿದೆ ಅಂತ ಹತ್ತಿರದಿಂದ ತಿಳಿಯೋಕೆ. 1988ರಲ್ಲಿ ಅವರ ತಂಗಿಯೊಬ್ಬರು ಏಡ್ಸ್‌ನಿಂದ ತೀರಿಕೊಂಡರು. ಆ ಕಾಲದ ಅವರ ಒಂದು ಕೆಲಸ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಕನ್ನಡಿ ಹಾಗೆ ಹೊಳೆಯೋ ಹನ್ನೆರಡು ಜಾಡಿ, ಒಂದೊಂದರ ಮೇಲೂ ರಕ್ತ, ಕಣ್ಣೀರು, ಹೀಗೆ ದೇಹದಿಂದ ಹೊರಬರೋ ಒಂದೊಂದು ದ್ರವದ ಹೆಸರು.

ತೊಂಬತ್ತರ ದಶಕದ ಕೊನೆಗೆ ಅವರು ಕಥೆಗಳ ಕಡೆ, ಪ್ರಾಣಿಗಳ ಕಡೆ ತಿರುಗಿದರು. ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕಥೆ ನಿಮಗೆ ಗೊತ್ತು, ನಮ್ಮ ಮಕ್ಕಳು ಎಲ್‌ಕೆಜಿಯಲ್ಲೇ ಓದ್ತಾರೆ. ಇದರ ಬಗ್ಗೆ ಒಂದು ವಿಷಯ ನನಗೆ ಆಗಲೇ ತಿಳಿದದ್ದು. ಫ್ರಾನ್ಸ್‌ನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ತೋಳ ಹುಡುಗೀನ ತಿಂದುಬಿಡುತ್ತೆ, ಕಥೆ ಅಲ್ಲಿಗೇ ಮುಗೀತು. ಯಾರೂ ಬರಲ್ಲ. 1812ರಲ್ಲಿ ಗ್ರಿಮ್ ಸಹೋದರರ ಪುಸ್ತಕದಲ್ಲಿ ಬೇಟೆಗಾರ ಬಂದು, ತೋಳದ ಹೊಟ್ಟೆಯನ್ನ ಕತ್ತರಿಯಿಂದ ಸೀಳಿ, ಅಜ್ಜೀನೂ ಮೊಮ್ಮಗಳನ್ನೂ ಹೊರಗೆ ತೆಗೀತಾನೆ.

ಕಿಕಿ ಸ್ಮಿತ್ 2001ರಲ್ಲಿ 'ರ‍್ಯಾಪ್ಚರ್' ಅಂತ ಒಂದು ಕಂಚಿನ ಶಿಲ್ಪ ಮಾಡಿದರು. ತೋಳ ಅಂಗಾತ ಬಿದ್ದಿದೆ, ಹೊಟ್ಟೆ ತೆರೆದಿದೆ, ಒಳಗಿಂದ ಒಬ್ಬಳು ಎದ್ದು ಹೆಜ್ಜೆ ಇಟ್ಟು ಬರ್ತಿದ್ದಾಳೆ. ಹುಡುಗಿ ಅಲ್ಲ, ಬೆಳೆದ ಹೆಂಗಸು. ಎತ್ತರವೂ ಸುಮಾರು ನಮ್ಮಷ್ಟೇ. ಬೇಟೆಗಾರ ಇಲ್ಲ, ಕತ್ತರಿ ಇಲ್ಲ. ಮುಖದಲ್ಲಿ ಸಂತೋಷ ಇಲ್ಲ, ಭಯಾನೂ ಇಲ್ಲ. ಇನ್ನೂ ತೋಳದಿಂದ ಪೂರ್ತಿ ಬಿಡಿಸ್ಕೊಂಡಿಲ್ಲ. ಮುಂದಿನ ವರ್ಷ 'ಬಾರ್ನ್' ಅಂತ ಇನ್ನೊಂದು, ಅದರಲ್ಲಿ ಜಿಂಕೆಯ ಹೊಟ್ಟೆಯಿಂದ ಬೆಳೆದ ಹೆಂಗಸು ಹುಟ್ಟಿ ಬರ್ತಿದ್ದಾಳೆ. ಇವೆರಡಕ್ಕೂ ಮುಂಚೆ, 1999ರಲ್ಲಿ 'ಡಾಟರ್'. ಅದನ್ನ ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ತೆಗೆದೆ. ಕೆಂಪು ನಿಲುವಂಗಿಯ ಪುಟ್ಟ ಹುಡುಗಿ, ಮುಖದ ತುಂಬ ಕೂದಲು. ತೋಳಕ್ಕೂ ಆ ಹುಡುಗಿಗೂ ಮಗು ಹುಟ್ಟಿದ್ರೆ ಹೇಗಿರ್ತಿತ್ತೋ ಹಾಗೆ. ಅದು ಕಂಚು ಅಲ್ಲ, ನೇಪಾಳದ ಕಾಗದದಿಂದ ಮಾಡಿದ್ದು.

ಕಥೆ ಹೇಳೋರಿಗೆ ಒಂದು ಅನುಕೂಲ ಇದೆ. "ಅರ್ಧ ಆದಳು, ಆಮೇಲೆ ಸರಿ ಆದಳು" ಅಂತ ಒಂದು ಉಸಿರಲ್ಲಿ ದಾಟಿಬಿಡಬಹುದು. ಶಿಲ್ಪಿಗೆ ಆ ಅನುಕೂಲ ಇಲ್ಲ. ಒಂದೇ ಗಳಿಗೆಯಲ್ಲಿ ನಿಲ್ಲಬೇಕು. ಈ ಯಮ್ಮ ಆರಿಸ್ಕೊಂಡದ್ದು ನಾವು ಓಡಿ ದಾಟೋ ಗಳಿಗೆಯನ್ನೇ. ನೋಡು, ಇಲ್ಲೇ ನಿಂತು ನೋಡು, ಇವಳೂ ಒಬ್ಬ ಹೆಂಗಸು, ಅಂತ. ಪಕ್ಕದ ರೂಮಲ್ಲಿ ಅಮ್ಮ ಗೊರಕೆ ಹೊಡೀತಿದ್ರು. ನನ್ನ ಎಕ್ಸೆಲ್ ಶೀಟ್‌ನಲ್ಲಿ ಅವರು ಅವತ್ತು ನಲವತ್ತೆರಡು ಪರ್ಸೆಂಟ್ ಇದ್ರು.

ರಾಜ್ಯೋತ್ಸವಕ್ಕೆ ಪ್ರತಿ ವರ್ಷ ನಾವು ಥರ್ಮೊಕೋಲ್‌ನಲ್ಲಿ ಹಂಪಿ ಕಲ್ಲಿನ ರಥ ಮಾಡ್ತೀವಿ. ಈ ಸಲ ಹೂವಿನ ಗಿಡದ ಹುಡುಗಿ ಮಾಡೋಣ, ಬಾಗಿಲಲ್ಲಿ ಕೂತಿರೋಳು, ಕ್ಲಬ್‌ಹೌಸ್ ಬಾಗಿಲಲ್ಲೇ ಇಡೋಣ ಅಂತ ನಾನು ಹೇಳಿದೆ. ಕಮಿಟಿಯಲ್ಲಿ ಮೌನ. ಆಮೇಲೆ ಒಬ್ಬರು ಹಿರಿಯರು ನಿಧಾನಕ್ಕೆ ಅಂದರು, "ಶುಭ ಸಮಾರಂಭ. ಭಿನ್ನ ಆಗಿರೋ ಮೂರ್ತೀನ ಎದುರಿಗೆ ಇಡಬಾರದಪ್ಪ."

ಅವರ ಮಾತು ತಳ್ಳಿಹಾಕೋ ಹಾಗಿಲ್ಲ. ನಮ್ಮಲ್ಲಿ ಭಿನ್ನ ವಿಗ್ರಹಕ್ಕೆ ಪೂಜೆ ಇಲ್ಲ, ನೀರಿಗೆ ಬಿಡ್ತೀವಿ. ಆದರೆ ನಾನೂ ವಾದ ಮಾಡಿದೆ. ಹಂಪಿಯ ಲಕ್ಷ್ಮೀನರಸಿಂಹ? 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು, ಒಂದೇ ಬಂಡೆ. ತೊಡೆ ಮೇಲಿದ್ದ ಲಕ್ಷ್ಮಿಯನ್ನ ಒಡೆದು ಹಾಕಿದ್ದಾರೆ, ನರಸಿಂಹನ ಬೆನ್ನ ಹಿಂದೆ ಅವಳ ಒಂದು ಕೈ ಮಾತ್ರ ಉಳಿದಿದೆ. ಹಂಪಿಗೆ ಹೋದಾಗ ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸ್ಕೊಂಡಿದ್ದೀರಿ ತಾನೆ? "ಅದು ಹಂಪಿ ಕಣಪ್ಪ," ಅಂದರು ಅವರು. ಉತ್ತರ ಇರಲಿಲ್ಲ ನನ್ನ ಹತ್ರ. ಕೊನೆಗೆ ರಾಜಿ ಆಯ್ತು. ಪೂರ್ತಿ ಹೂಬಿಟ್ಟ ಗಿಡ ಆಗಿರೋ ಹುಡುಗಿ, ಬಂದವರು ಒಂದೊಂದು ಹೂ ಕೊಯ್ದುಕೊಳ್ಳಬಹುದು. ಸುಂದರವಾಗಿರುತ್ತೆ, ಮಕ್ಕಳಿಗೂ ಖುಷಿ. ನಾನು ಒಪ್ಪಿದೆ. ಒಳಗೊಳಗೆ ಸ್ವಲ್ಪ ಹಗುರಾನೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಮಾಡಿದ್ದು ಹೇಗೆ ಅಂತ ಹಲವರು ಕೇಳಿದ್ದೀರಿ. ಬಿದಿರು ಕಟ್ಟಿ, ಮೇಲೆ ಚಿಕನ್ ಮೆಶ್ ಸುತ್ತಿ ಅಸ್ಥಿಪಂಜರ ಮಾಡಿದೆ. ಅದರ ಮೇಲೆ ಅಂಟಿಸೋಕೆ ಯೂಟ್ಯೂಬ್ ನೋಡಿ ಫೆವಿಕಾಲ್‌ನಲ್ಲಿ ಪೇಪರ್ ಕಲಸಿದೆ, ಮೂರು ಸಲ ಜಾರಿ ಬಿತ್ತು. ಅಮ್ಮ ಹಾಸಿಗೆಯಿಂದ ನೋಡ್ತಿದ್ರು. "ಮೆಂತ್ಯ ಹಾಕ್ದೆ ಹೆಂಗೆ ಹಿಡಿಯುತ್ತೆ?" ಅಂದರು. ನೆನಪಾಯ್ತು. ಊರಲ್ಲಿ ಹಳೇ ಪೇಪರ್ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಮೊರಕ್ಕೆ ಬಳೀತಿದ್ರು. ಪಾತ್ರೆ ಬೋರಲು ಹಾಕಿ ಅದರ ಮೇಲೆ ಮೆತ್ತಿ ಬುಟ್ಟಿ ಮಾಡ್ತಿದ್ರು. ಆ ಬುಟ್ಟಿಯಲ್ಲೇ ಅವರೆಕಾಳು ಇಡ್ತಿದ್ದದ್ದು. ಅದನ್ನ ಬಿಟ್ಟು ನಾನು ಪೇಪರ್ ಮ್ಯಾಶೆ ಅಂತ ಹುಡುಕ್ತಿದ್ದೆ.

ಎರಡು ದಿನ ಪೇಪರ್ ನೆನೆಸಿದ್ವಿ. ಒಂದು ರಾತ್ರಿ ಮೆಂತ್ಯ ನೆನೆಸಿ ಗ್ರೈಂಡರ್‌ಗೆ ಹಾಕಿದ್ವಿ. ಮನೆಯೆಲ್ಲ ಮೆಂತ್ಯದ ವಾಸನೆ, ಪಕ್ಕದ ಫ್ಲ್ಯಾಟಿನ ಮರಾಠಿ ಆಂಟಿ ಬಂದು ಮೆಂತ್ಯದ ಉಂಡೆ ಮಾಡ್ತಿದ್ದೀರಾ ಅಂತ ಕೇಳಿದ್ರು. ಅಮ್ಮನನ್ನ ಕುರ್ಚಿಯಲ್ಲಿ ಕೂರಿಸಿ ಮಡಿಲಿಗೆ ತಟ್ಟೆ ಕೊಟ್ಟೆ. ಎಡಗೈಯಿಂದ ಹದ ನೋಡೋರು, "ಇನ್ನೂ ರುಬ್ಬು" ಅನ್ನೋರು. ಹುಡುಗಿಯ ಮುಖ ಅವರೇ ಮೆತ್ತಿದ್ದು, ಒಂದೇ ಕೈಯಲ್ಲಿ, ನಾಲ್ಕು ಸಂಜೆ. ಬಾಯಿ ಸ್ವಲ್ಪ ಓರೆ ಬಂತು. ನಾನು ಸರಿ ಮಾಡೋಕೆ ಹೋದೆ. ಹೆಂಡತಿ ಕಣ್ಣಲ್ಲೇ ಬೇಡ ಅಂದಳು. ಆ ವಾರ ಎಕ್ಸೆಲ್ ತುಂಬೋದು ಮರೆತುಹೋಯ್ತು.

ಕೈಗಳ ಜಾಗದಲ್ಲಿ ಗಾರ್ಡನ್‌ನವರು ಕತ್ತರಿಸಿ ಹಾಕಿದ್ದ ಗುಲ್‌ಮೊಹರ್ ಕೊಂಬೆಗಳನ್ನ ಕಟ್ಟಿದೆವು. ಮಗಳು ಮತ್ತವಳ ಗೆಳತಿಯರು ಮುನ್ನೂರು ಕಾಗದದ ಹೂ ಮಾಡಿದ್ರು. ಪಕ್ಕದಲ್ಲಿ ಎರಡು ಹಿತ್ತಾಳೆ ಬಿಂದಿಗೆ. ನಾನೊಂದು ಬೋರ್ಡ್ ಬರೆದೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. 'ಚಿಗುರು ಮುರಿಯದೆ, ಎಲೆ ಹರಿಯದೆ ಒಂದು ಹೂ ಮಾತ್ರ ಕೊಯ್ಯಿರಿ.'

ಭಾನುವಾರ ಸಂಜೆ ಕಾರ್ಯಕ್ರಮ. ಅವತ್ತು ಅಮ್ಮ ಕೆಳಗೆ ಬರ್ತೀನಿ ಅಂದರು. ನನ್ನ ಬಾಯಿಗೆ ಅದೇ ಮಾತು ಬಂತು, "ಮುಂದಿನ ವರ್ಷ ಅಮ್ಮ, ಸ್ವಲ್ಪ ಸರಿ..." ಮಗಳು ಆಗಲೇ ವೀಲ್‌ಚೇರ್ ಲಿಫ್ಟ್ ಹತ್ರ ತಳ್ಕೊಂಡು ಹೋಗಿದ್ಲು.

ಅರ್ಧ ಗಂಟೆ ಎಲ್ಲ ಚೆಂದ ನಡೀತು. ನಾಡಗೀತೆ ಆಯ್ತು, ಭಾಷಣ ಶುರು ಆಯ್ತು. ಭಾಷಣ ಶುರು ಆದ್ರೆ ಮಕ್ಕಳು ಎಲ್ಲಿರ್ತಾರೆ ನಿಮಗೆ ಗೊತ್ತು. ನಲವತ್ತು ಮಕ್ಕಳು ಮರದ ಸುತ್ತ. ಒಂದು ಹೂ ಸಿಕ್ಕವನಿಗೆ ಇನ್ನೊಂದು ಬೇಕು, ಮೇಲಿನದ್ದೇ ಬೇಕು. ಕೊಂಬೆ ಹಿಡಿದು ಎಳೆದರು. ಪಟಪಟ ಮುರೀತು. ನಾನು ಓಡಿಬಂದು "ಬೋರ್ಡ್ ನೋಡಲಿಲ್ವಾ?" ಅಂತ ಕೂಗಿದೆ. ಒಬ್ಬ ಹುಡುಗ ಮೆಲ್ಲಗೆ ಅಂದ, "ಅಂಕಲ್, ನಮಗೆ ಕನ್ನಡ ಓದೋಕೆ ಬರಲ್ಲ." ನನ್ನ ಮಗಳಿಗೂ ಬರಲ್ಲ. ಶಾಲೇಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲೀತಾಳೆ. ಆ ಬೋರ್ಡ್ ನಾನು ಯಾರಿಗೆ ಬರೆದಿದ್ದೆ?

ಎಂಟು ಗಂಟೆಗೆ ನೋಡಿದ್ರೆ ಕ್ಲಬ್‌ಹೌಸ್ ಬಾಗಿಲಲ್ಲಿ ಉಳಿದದ್ದು ಕೈಯಿಲ್ಲದ ಮೈ, ಓರೆ ಬಾಯಿಯ ಮುಖ. ಕಮಿಟಿ ಬೇಡ ಅಂದಿದ್ದು ತಾನಾಗೇ ಬಂದು ಕೂತಿತ್ತು. ಆ ಹಿರಿಯರು ಬಂದು ನೋಡಿ, ಏನೂ ಅನ್ನದೆ ಬಹಳ ಹೊತ್ತು ನಿಂತರು. ಆಮೇಲೆ ಪಕ್ಕದಲ್ಲಿ ವೀಲ್‌ಚೇರ್‌ನಲ್ಲಿದ್ದ ಅಮ್ಮನನ್ನ ನೋಡಿದರು. "ಇವರು ನಿಮ್ಮ ತಾಯಿಯವರಾ? ಯಾವಾಗ ಬಂದ್ರು ಊರಿಂದ?"

ನಾನು ಬಾಯಿ ತೆರೆಯೋ ಮೊದಲೇ ಅಮ್ಮ ಉತ್ತರ ಕೊಟ್ಟರು, ತಡೆತಡೆದು, ಪೂರ್ತಿ. "ಒಂಬತ್ ತಿಂಗಳಾಯ್ತು. ಮೇಲೇ ಇದ್ದೆ."

ಅವರು ನನ್ನ ಕಡೆ ನೋಡಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಅಮ್ಮನ ಪಕ್ಕ ಕೂತು, "ತಿಪಟೂರು ಹತ್ರ ಯಾವೂರಾಯ್ತಮ್ಮ?" ಅಂತ ಶುರು ಮಾಡಿದರು. ಮಕ್ಕಳು ಹೆದರ್ಕೊಂಡು ಮುರಿದ ಕೊಂಬೆಗಳನ್ನ ಆರಿಸಿ ತಂದು ಅಮ್ಮನ ಕಾಲ ಹತ್ರ ಹಾಕ್ತಾ ಇದ್ರು. ಅಮ್ಮ ಮಾತಾಡ್ತಾನೇ ಒಂದನ್ನ ಎಡಗೈಯಲ್ಲಿ ಎತ್ತಿ ಹುಡುಗಿಯ ಹೆಗಲಿಗೆ ಇಟ್ಟು ಹಿಡಿದರು. "ಕಟ್ಟು," ಅಂದರು ಮೊಮ್ಮಗಳಿಗೆ. ಮಗಳು ತಲೆಯ ರಿಬ್ಬನ್ ಬಿಚ್ಚಿ ಕಟ್ಟಿದಳು. ಒಂದು ಕೊಂಬೆ ನಿಂತಿತು. ಉಳಿದವು ನಿಲ್ಲಲಿಲ್ಲ.

ಆ ಹುಡುಗಿ ಈಗ ನಮ್ಮ ಬಾಲ್ಕನಿಯಲ್ಲಿದ್ದಾಳೆ. ಮಳೆಗಾಲದಲ್ಲಿ ಎರಚಲು ಬಡಿದು ಒಂದು ಕೆನ್ನೆ ಮೆತ್ತಗಾಯ್ತು. ಅಮ್ಮ ಮತ್ತೆ ಮೆಂತ್ಯ ನೆನೆಸೋಕೆ ಹೇಳಿದ್ದಾರೆ, ನಾಳೆ ರುಬ್ಬಬೇಕು. ಬಲಗೈ ಬೆರಳು ಮೂರು ಮಡಚುತ್ತೆ, ಉಳಿದೆರಡು ಇಲ್ಲ. ಭಾನುವಾರ ಬೆಳಗ್ಗೆ ಊರಿಗೆ ವೀಡಿಯೊ ಕಾಲ್ ಮಾಡ್ತಾರೆ, ಕ್ಯಾಮೆರಾ ಆನ್. ಮೊದಲನೇ ಸಲ ನಮ್ಮ ಸೋದರತ್ತೆ ಅಮ್ಮನ ಮುಖ ನೋಡಿ ಅತ್ತುಬಿಟ್ಟರು. ಅಮ್ಮ ಸ್ವಲ್ಪ ಹೊತ್ತು ಅಳೋಕೆ ಬಿಟ್ಟು, ಆಮೇಲೆ ಕೇಳಿದರು, "ಕಾಯಿ ಕೀಳ್ಸಿದ್ರಾ?"